ಎಂಬತ್ತೈದರ ತನಕದ ಜೋಳ

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಕಾಶಿಬಾಯಿ ಒಂದು ಕಲ್ಲು ಆರಿಸಿ ಅಂಗಳಕ್ಕೆಸೆದಳು. ಬಬಲೇಶ್ವರದಿಂದ ಅಣ್ಣ ಶಂಕರೆಪ್ಪ ಕಳಿಸಿದ ಜೋಳ. ತಿಕೋಟಾದಲ್ಲಿ ಗಂಡ ತೀರಿಕೊಂಡು ಅವಳು ವಿಜಯಪುರಕ್ಕೆ ಬಂದಾಗಿನಿಂದ ವರ್ಷಕ್ಕೆ ಎರಡು ಚೀಲ, ಒಮ್ಮೆಯೂ ತಪ್ಪಿಲ್ಲ. ಎದುರಿನ ಕಟ್ಟೆಯ ಮೇಲೆ ಮನೆಯೊಡತಿಯ ಮಗಳು ಪ್ರಾಚಿ ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಸೊಲ್ಲಾಪುರ ರಸ್ತೆಯ ಖಾನಾವಳಿಗಳಿಗೆ ರೊಟ್ಟಿ ಬಡಿಯುವ ಕಾಶಿಬಾಯಿಯ ಬಲಭುಜ ಈಚೆಗೆ ಮೇಲೇಳುತ್ತಿರಲಿಲ್ಲ. ಕೈ ಸೋತ ಮೇಲೆ ಕೂತು ಉಣ್ಣಲು ಎಷ್ಟು ಕೂಡಿಡಬೇಕೆಂದು ಅವಳೇ ಕೇಳಿದ್ದಳು.

“ಎಷ್ಟ ವಯಸ್ಸಿನ ತನಕ ಹಿಡೀಲಿರಿ, ಕಾಶಕ್ಕಾ?”

“ನಮ್ಮವ್ವ ಅರವತ್ತೆಂಟಕ್ಕ ಹೋದ್ಲು. ನಂದೂ ಅಷ್ಟ ಹಿಡಿ.”

“ಅರವತ್ತೊಂಬತ್ತಕ್ಕ ಹಸಿವಾದ್ರ?”

“ನಿಮ್ಮನಿ ಬಾಗಿಲಕ್ಕ ಬಂದು ಕುಂದರ್ತೀನಿ. ಬಾಡಿಗೀನೂ ಕೊಡಂಗಿಲ್ಲ.”

“ನಮ್ಮವ್ವ ಬಿಟ್ಟಾಳೇನ್ರಿ? ಎಂಬತ್ತೈದ ಹಿಡೀತೀನಿ.”

ಅರವತ್ತೆರಡಕ್ಕೆ ಕೆಲಸ ಬಿಟ್ಟು ತಿಂಗಳಿಗೆ ಎಂಟು ಸಾವಿರದಂತೆ ಬದುಕಿದರೂ ಇಪ್ಪತ್ತೆರಡು ಲಕ್ಷ ಬೇಕು. ಬೆಲೆ ಏರಿದರೆ ಇನ್ನೂ ಹೆಚ್ಚು. ಅವಳ ಬಳಿ ಇದ್ದದ್ದು ಮೂರು ಲಕ್ಷ. ಮೊರ ಕೈಯಲ್ಲೇ ನಿಂತಿತು. ಹೆಚ್ಚು ದಿನ ಬದುಕುವುದು ಇಷ್ಟು ಭಯದ ಸಂಗತಿಯೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ಜೋಳ ತಗದು ಹಿಡಿದೀಯಿಲ್ಲ? ಅದನ್ನ ನಮ್ಮಣ್ಣ ಕೊಡ್ತಾನ.”

“ತಗದೇನ್ರಿ. ಅಣ್ಣಾರಿಗೆ ಈಗ ವಯಸ್ಸೆಷ್ಟು?”

“ನನಗಿಂತ ಆರು ವರ್ಷ ದೊಡ್ಡಾವ...”

ತನ್ನ ಸಾವನ್ನು ಲೆಕ್ಕಕ್ಕೆ ಹಿಡಿದವಳು ಅಣ್ಣನದನ್ನು ಹಿಡಿದಿರಲಿಲ್ಲ. ಅವನ ಮಕ್ಕಳು ಅತ್ತೆಗೆ ಚೀಲ ಹೊತ್ತು ತರುವರೇ? ಹೋದ ನಾಗರ ಪಂಚಮಿಗೆ ಹೋದಾಗ ದೊಡ್ಡವನು ಮೊಬೈಲಿನಿಂದ ತಲೆ ಎತ್ತಿರಲಿಲ್ಲ.

ಯುಗಾದಿಯ ಹೊತ್ತಿಗೆ ಶಂಕರೆಪ್ಪ ಒಂದು ಪತ್ರ ಕಳಿಸಿದ್ದ. ಅಪ್ಪನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅವಳು ಸಹಿ ಮಾಡಿ ಕೊಡಬೇಕಿತ್ತು. ಅವಳ ಓರಗೆಯ ಹೆಣ್ಣುಮಕ್ಕಳೆಲ್ಲ ಕೊಟ್ಟವರೇ. ಪಾಲು ಕೇಳಿದವಳನ್ನು ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರುವುದಿಲ್ಲ. ಪಾಲು ಬಿಡಲಾರೆನೆಂದು ಆಗಲೇ ಉತ್ತರ ಬರೆದು, ಲಕೋಟೆಗೆ ಹಾಕಿ, ಕಳಿಸಲಾಗದೆ ದೇವರ ಫೋಟೊದ ಹಿಂದೆ ಇಟ್ಟುಬಿಟ್ಟಿದ್ದಳು. ಫೋನಿನಲ್ಲಿ ಹೇಳಲಾರಳು. “ಏನವಾ ಕಾಶಿ” ಎಂಬ ಅವನ ದನಿ ಕೇಳಿದರೆ ಸಾಕು, “ಆತು ಬಿಡಪಾ” ಎಂದುಬಿಡುವಳು.

“ಯಾಕ್ರಿ, ಸುಮ್ಮನಾದ್ರಿ?” ಎಂದಳು ಪ್ರಾಚಿ.

“ಏನಿಲ್ಲವಾ. ಜೋಳ ಲೆಕ್ಕದಾಗ ಮತ್ತ ಸೇರಿಸಿ ನೋಡು.”

ಹಸನಾದ ಜೋಳವನ್ನು ಡಬ್ಬಿಗೆ ಸುರಿದು, ಒಳಗೆ ಹೋಗಿ, ಲಕೋಟೆ ಬಿಚ್ಚಿ ಪತ್ರದ ಕೆಳಗೆ ಒಂದು ಸಾಲು ಬರೆದಳು: ‘ಜೋಳ ಕಳಿಸದಿದ್ದರೂ ನಡೆಯುತ್ತದೆ. ಪಂಚಮಿಗೆ ಮಾತ್ರ ನೀನೇ ಬಾ.’

ಅಂಚೆ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಕೈ ಚಾಚಿದ. ಲಕೋಟೆ ಹಿಡಿದು ಎಳೆದ. ಬರಲಿಲ್ಲ.

“ಬಿಡ್ರಿ ಯವ್ವಾ, ಹರೀತದ.”

ಅದರ ಇನ್ನೊಂದು ತುದಿ ತನ್ನ ಬೆರಳಲ್ಲೇ ಇದೆಯೆಂದು ಕಾಶಿಬಾಯಿಗೆ ಆಗ ಗೊತ್ತಾಯಿತು. ಬಿಟ್ಟಳು.