ಫರ್ಸಿಯ ಮೇಲೆ ಫರ್ಸಿ

ದಂಡೋತಿಯ ಖಂಡೆಪ್ಪನಿಗೆ ಅಂಗಳದ ಯಾವ ರೋಗಕ್ಕೂ ಗೊತ್ತಿದ್ದದ್ದು ಒಂದೇ ಮದ್ದು, ನೆಲಕ್ಕೆ ಹಾಸುವ ಫರ್ಸಿ ಕಲ್ಲು. ಹಾಸಿದ ಕಲ್ಲು ಕುಸಿದರೆ ಅದರ ಮೇಲೆ ಇನ್ನೊಂದು, ಅದೂ ವಾಲಿದರೆ ಮತ್ತೊಂದು. ಕಲ್ಲುಗಣಿಗಳ ಶಹಾಬಾದ್ ಇಷ್ಟು ಹತ್ತಿರ ಇರುವಾಗ ಕಲ್ಲಿಗೇನು ಬರ? ಹನ್ನೆರಡು ವರ್ಷದಲ್ಲಿ ಮೂರು ವರಸೆ ಕಲ್ಲು ಬಿದ್ದು, ಅಂಗಳ ಹೊಸ್ತಿಲಿನ ಸಮಕ್ಕೆ ಬಂದು ನಿಂತಿತ್ತು. ನೋಡಿದವರು ನಗುತ್ತಿದ್ದರು. ಖಂಡೆಪ್ಪ ಅದನ್ನು ಮೆಚ್ಚುಗೆ ಎಂದೇ ತಿಳಿದಿದ್ದ.

ಈ ಸಲ ರೋಹಿಣಿ ಮಳೆಯ ಒಂದೇ ಹೊಡೆತಕ್ಕೆ ನೀರು ಹೊಸ್ತಿಲು ದಾಟಿ ಒಳಕೋಣೆಗೆ ನುಗ್ಗಿತು. ಅದು ಬಾಣಂತನಕ್ಕೆಂದು ಸುಣ್ಣ ಹೊಡೆದಿಟ್ಟಿದ್ದ ಕೋಣೆ. ಮಗಳು ಲಕ್ಷ್ಮಿ ಚೊಚ್ಚಲ ಹೆರಿಗೆಗೆ ಸೇಡಂನಿಂದ ಬರುವವಳಿದ್ದಳು. ಸುದ್ದಿ ಅಲ್ಲಿಗೂ ಮುಟ್ಟಿ, ಸಂಜೆಯೇ ಅವಳ ಫೋನ್ ಬಂತು.

“ಅಪ್ಪಾ, ನಮ್ಮತ್ತಿ ಕಳಸೂದಿಲ್ಲ ಅನ್ನಲಿಕತ್ತಾರ. ಹಸಿ ಕೋಣ್ಯಾಗ ಕೂಸಿನ್ನ ಹ್ಯಾಂಗ ಮಲಗಸ್ತಾರ ಅಂತ ಕೇಳ್ತಾರ. ನನಗ ಅವ್ವನ ಹಂತೇಕನೇ ಬರಬೇಕು ಅನಸ್ತದ.” ಅಷ್ಟು ಹೇಳಿ ಅತ್ತೇಬಿಟ್ಟಳು.

ಖಂಡೆಪ್ಪ ಫೋನ್ ಇಟ್ಟ. ಎದ್ದು ರುಮಾಲು ಸುತ್ತಿದ. “ನಾಳೆ ಇನ್ನೊಂದು ಟ್ರ್ಯಾಕ್ಟರ್ ಫರ್ಸಿ ತರಸ್ತೀನಿ” ಎಂದ.

“ಇನ್ನೂ ಮ್ಯಾಲೆ ಹಾಕ್ತೀರೇನ್ರಿ? ಹಂಗಾದ್ರ ಏಣಿ ಇಟ್ಟು ಮನ್ಯಾಗ ಇಳೀಬೇಕಾಗ್ತದ!” ಎಂದಳು ಹೆಂಡತಿ ಶಿವಕಾಂತಮ್ಮ. ಅಂದವಳೇ ಹೋಗಿ ಪಕ್ಕದ ಮನೆಯ ಚಂದ್ರಕಲಾಳನ್ನು ಕರೆತಂದಳು.

ಚಂದ್ರಕಲಾ ಶಹಾಬಾದಿನಲ್ಲಿ ಎಂಟು ವರ್ಷ ಕಲ್ಲು ಪಾಲಿಶ್ ಮಾಡಿದ ಹೆಂಗಸು. ಹೋದ ವರ್ಷ ತನ್ನ ಅಂಗಳವನ್ನು ತಾನೇ ಹಾಸಿದವಳು. ಬಂದವಳು ಒಂದು ಕೊಡ ನೀರನ್ನು ಅಂಗಳದ ನಡುವೆ ಸುರಿದಳು. ನೀರು ಬೀದಿಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಹೊಸ್ತಿಲಿಗೆ ಬಂತು.

“ಕುಣೀಲಾಕ ಬಾರದಾಕಿ ನೆಲ ಡೊಂಕ ಅಂದಳಂತ. ನಿಮ್ಮನಿ ನೆಲ ಖರೇನೇ ಡೊಂಕ ಅದ ನೋಡ್ರಿ ಅಣ್ಣಾ.”

“ಕಲ್ಲು ಭಾಳ ಗಟ್ಟಿ ಅದಲ್ಲ ತಂಗಿ, ಮತ್ಯಾಕ ಕುಸೀತದ?”

“ಕಲ್ಲಿಂದೇನು ತಪ್ಪಿಲ್ರಿ. ಕೆಳಗ ಎರಿ ಮಣ್ಣದ. ಮಳಿಗಾಲದಾಗ ಉಬ್ಬತದ, ಬ್ಯಾಸಿಗ್ಯಾಗ ಬಿರೀತದ. ಅದರ ಮ್ಯಾಲೆ ಎಷ್ಟು ಹಾಸಿದ್ರೂ ಅಲಗಾಡೂದೇ. ಹೊಸಾ ಕಲ್ಲು ಬ್ಯಾಡ, ಇದ್ದದ್ದು ಎಬ್ಬಸ್ರಿ.”

“ಅದು ಮನಿ ಕಟ್ಟೂ ಗೌಂಡಿ ಕೆಲಸ. ಹೆಣ್ಮಕ್ಕಳು ಹಾರಿ ಹಿಡದ್ರ ಆಗ್ತದೇನು?”

“ಗೌಂಡಿಗೋಳೆಲ್ಲ ಬಿತ್ತಲಾಕ ಹೋಗ್ಯಾರ, ಮಿರಗದ ಮಳಿ ಮುಗಿಯೂತನಕ ಸಿಗೂದಿಲ್ಲ. ಅಲ್ಲೀತನಕ ನಿಮ್ಮ ಮಗಳ ಹೆರಗಿ ಕಾಯ್ತದೇನ್ರಿ?”

ಖಂಡೆಪ್ಪ ರುಮಾಲು ಬಿಚ್ಚಿಟ್ಟು ಹಾರೆ ಹುಡುಕಲು ಹೋದ.

ಮರುದಿನ ಮುಂಜಾನೆ ಮೂವರೂ ಕೆಲಸಕ್ಕೆ ಇಳಿದರು. ಕಾಲಿಗೆ ಬೂಟಿಲ್ಲದೆ ಯಾರೂ ಕಲ್ಲು ಮುಟ್ಟಬಾರದು ಎಂದು ಚಂದ್ರಕಲಾಳ ಕಟ್ಟಪ್ಪಣೆ. ಖಂಡೆಪ್ಪ ಗೊಣಗುತ್ತಲೇ ಹಾಕಿಕೊಂಡ. ಹಾರೆಯಿಂದ ಮೊದಲ ಕಲ್ಲಿನ ಒಂದು ಬದಿ ಮೀಟಿದರೆ, ಕೆಳಗಿನಿಂದ ಬಾಲ ಎತ್ತಿಕೊಂಡು ಚೇಳೊಂದು ಹೊರಟಿತು. ಆಮೇಲೆ ಅವನು ಗೊಣಗಲಿಲ್ಲ. ಪ್ರತಿ ಕಲ್ಲನ್ನೂ ಇಬ್ಬರು ಸೇರಿಯೇ ಎತ್ತಿದರು.

ಎರೆಮಣ್ಣು ತೋಡಿ ಹೊರಗೆ ಹಾಕಿದರು. ಆ ಜಾಗಕ್ಕೆ ಗೇಣಾಳ ಮುರುಮು, ಅಂದರೆ ಗರಸು ಮಣ್ಣು, ತುಂಬಿ, ನೀರು ಚಿಮುಕಿಸಿ, ದಿಮ್ಮಸದಿಂದ ಬಡಿದು ಗಟ್ಟಿಮಾಡಿ, ಮೇಲೆ ತೆಳ್ಳಗೆ ಉಸುಕು ಹರಡಿದರು. ಗೋಡೆಯಿಂದ ಬೀದಿಯ ಗಟಾರದ ಕಡೆಗೆ ದಾರ ಎಳೆದು, ಹತ್ತು ಅಡಿಗೆ ಎರಡೂವರೆ ಇಂಚು ಇಳಿಜಾರು ಇಟ್ಟರು. ಮೂರರ ಬದಲು ಒಂದೇ ವರಸೆ ಕಲ್ಲು ಹಾಸಿದ್ದರಿಂದ ಅಂಗಳ ಹೊಸ್ತಿಲಿಗಿಂತ ಅರ್ಧ ಅಡಿ ತಗ್ಗಿತು. ಮೂಲೆಯ ಕಲ್ಲು ಒಡೆಯಲು ಖಂಡೆಪ್ಪ ಉಳಿ ಎತ್ತಿದಾಗ ಚಂದ್ರಕಲಾ ಕೈ ಹಿಡಿದಳು. “ಮೊದಲ ನೀರು ಹಾಕ್ರಿ, ಮಾರಿಗೆ ಬಟ್ಟಿ ಕಟ್ರಿ. ಈ ಧೂಳಿಂದ ಕೆಮ್ಮಿ ಕೆಮ್ಮಿ ಹಾಸಿಗಿ ಹಿಡದವ್ರನ್ನ ನೋಡೀನಿ.”

ಶಿವಕಾಂತಮ್ಮ ಹಾಸಿದ ಪ್ರತಿ ಕಲ್ಲನ್ನೂ ಬಡಿದು ಕಿವಿಗೊಡುತ್ತಿದ್ದಳು. ಡಬ್ ಎಂದರೆ ಕೆಳಗೆ ಟೊಳ್ಳು. ಎತ್ತಿ ಮತ್ತೆ ಉಸುಕು ಹಾಕುತ್ತಿದ್ದಳು. ಖಂಡೆಪ್ಪ ಕೆಲಸ ಬಿಟ್ಟು ನೋಡುತ್ತ ನಿಂತ. ಇಷ್ಟು ವರ್ಷ ರೊಟ್ಟಿ ತಟ್ಟಿದ ಕೈಗೆ ಸಮ ಯಾವುದು, ಡೊಂಕು ಯಾವುದು ಎಂದು ಯಾರಾದರೂ ಹೇಳಿಕೊಡಬೇಕೇ? ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಇದನ್ನು ತಾನು ಕಾಣದೆ ಹೋದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಐದು ದಿನಕ್ಕೆ ಅಂಗಳ ಮುಗಿಯಿತು. ಆರನೆಯ ದಿನ ಮಿರಗದ, ಅಂದರೆ ಮೃಗಶಿರಾ ಮಳೆ ಸುರಿಯಿತು. ಅಂಗಳದ ನೀರೆಲ್ಲ ಗಟಾರಕ್ಕೆ ಓಡಿತು. ಕೋಣೆಗೆ ಒಂದು ಹನಿಯೂ ಬರಲಿಲ್ಲ. ಖಂಡೆಪ್ಪ ಬಾಗಿಲಲ್ಲಿ ನಿಂತು ವಿಡಿಯೋ ಮಾಡಿ ಬೀಗರಿಗೆ ಕಳಿಸಿದ.

ಎರಡು ದಿನ ಬಿಟ್ಟು ಬೀಗತಿಯೇ ಲಕ್ಷ್ಮಿಯನ್ನು ಕರೆದುಕೊಂಡು ಬಂದರು. ಅಂಗಳದಲ್ಲಿ ಅತ್ತಿತ್ತ ಕಾಲಾಡಿಸಿ, ಒಳಕೋಣೆಯ ಗೋಡೆ ಮುಟ್ಟಿ ನೋಡಿ, “ಯಾವ ಗೌಂಡಿ ಮಾಡ್ಯಾನ್ರಿ ಬೀಗರೆ? ನಮಗೂ ಹೇಳ್ರಿ” ಎಂದರು.

“ಇಕೀನೇ ಮಾಡ್ಯಾಳ್ರಿ, ಬಾಜೂ ಮನಿ ಚಂದ್ರಕಲಾ ಹೇಳಿಕೊಟ್ಟಾಳ” ಎಂದು ಖಂಡೆಪ್ಪ ಹೆಂಡತಿಯನ್ನು ತೋರಿಸಿದ. ಲಕ್ಷ್ಮಿ ಅವ್ವನ ಒಡೆದ ಅಂಗೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಹೆರಿಗೆ ಚಿತ್ತಾಪುರದ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ತೊಟ್ಟಿಲು ಕಟ್ಟಿದ್ದು ಮಾತ್ರ ಈ ಒಣ ಕೋಣೆಯಲ್ಲೇ.

ಅಕ್ಕಂದಿರೇ, ಅಣ್ಣಂದಿರೇ, ಕುಸಿದ ಕಲ್ಲಿನ ಮೇಲೆ ಕಲ್ಲು ಹೇರಬೇಡಿ, ಎತ್ತಿ ಕೆಳಗೆ ಏನಾಗಿದೆ ನೋಡಿ. ನೀರು ಗೋಡೆಯಿಂದ ದೂರ ಹರಿಯಲಿ. ಗಟಾರದ ಬಾಯಲ್ಲಿ ಸಿಕ್ಕ ಕಸವನ್ನು ವಾರಕ್ಕೊಮ್ಮೆ ತೆಗೆಯಿರಿ. ಗೋಡೆ ಬಿರುಕು ಬಿಟ್ಟಿದ್ದರೆ, ಮಾಳಿಗೆ ಬಾಗಿದ್ದರೆ ಬಲ್ಲ ಗೌಂಡಿಯನ್ನೇ ಕರೆಯಿರಿ. ಉಳಿದದ್ದಕ್ಕೆ ನಿಮ್ಮ ಕೈ ಸಾಕು, ಪಕ್ಕದ ಮನೆಯವರ ಕೈ ಜೊತೆಗಿದ್ದರೆ ಇನ್ನೂ ಸಲೀಸು. ನಿಮ್ಮ ಮನೆಯ ಮಗಳೂ ಒಂದು ದಿನ ತವರಿಗೆ ಬರುತ್ತಾಳೆ. ಅವಳು ಕಾಲಿಡುವ ನೆಲವನ್ನು ಈ ಮಳೆಗೆ ಮುಂಚೆಯೇ ಸರಿಮಾಡಿ.