ಮುನ್ನೂರ ಎಂಬತ್ತನಾಲ್ಕು ಬಡಿತದ ಡ್ರೈವರ್

"ಅನ್‌ಫಿಟ್ ಅಂತೆ! ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನು ಅನ್‌ಫಿಟ್ ಅಂತೆ!"

ಅಣ್ಣ ಚಪ್ಪಲಿ ಬಿಡುವ ಮೊದಲೇ ಕೂಗಿದ. ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ತಂಗಿ ಕಂಪ್ಯೂಟರ್ ಬಿಟ್ಟು ಎದ್ದು ಬಂದಳು.

"ಯಾವ ಡಾಕ್ಟರ್ ಹೇಳಿದ್ದು?"

"ಡಾಕ್ಟರ್ ಎಲ್ಲಿಂದ ಬರ್ಬೇಕು? ಸೂಪರ್‌ವೈಸರ್ ಎಲ್ಲರ ಫೋನಿಗೂ ಒಂದು ಲಿಂಕ್ ಕಳಿಸಿದ್ದ. ಸುಮ್ನೆ ತಮಾಷೆಗೆ ಮಾಡಿ ನೋಡಿ ಅಂದ. ಹೆಸರು, ನಂಬರ್ ಕೇಳ್ತು, ಕೊಟ್ಟೆ. ಮೂರು ನಿಮಿಷ ಮೆಟ್ಟಿಲು ಹತ್ತಿ ಇಳಿದೆ, ನಾಡಿ ಎಣಿಸಿ ಹಾಕಿದೆ. ಇವತ್ತು ಡಿಪೋಗೆ ಹೋದ್ರೆ ಬೋರ್ಡ್ ಮೇಲೆ ನನ್ನ ಹೆಸರು! ನಾಳೆಯಿಂದ ಬಸ್ ಬೇಡ, ಗೇಟ್ ಕಾಯಿ ಅಂತಾನೆ."

ತಂಗಿ ಫೋನ್ ಕಿತ್ತುಕೊಂಡು ನೋಡಿದಳು. ನಾಡಿ: 384.

"ಅಯ್ಯೋ ನಿನ್ನ! ಎಷ್ಟು ಹೊತ್ತು ಎಣಿಸಿದೆ?"

"ಒಂದು ನಿಮಿಷ. ಗಡಿಯಾರ ನೋಡ್ಕೊಂಡೇ ಎಣಿಸಿದ್ದು. ತೊಂಬತ್ತಾರು."

"ಹದಿನೈದೇ ಸೆಕೆಂಡ್ ಎಣಿಸಿ ಅಂತ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದಾರೆ ಕಣೋ. ನಾಲ್ಕರಿಂದ ಗುಣಿಸೋದು ಆ ಪುಟವೇ. ಇಷ್ಟು ಬಡಿತ ಇದ್ದಿದ್ರೆ ನೀನು ನಡ್ಕೊಂಡು ಬರ್ತಿರ್ಲಿಲ್ಲ, ನಾಲ್ಕು ಜನ ಹೊತ್ಕೊಂಡು ಬರ್ತಿದ್ರು!"

ತಂಗಿಗೆ ನಗು ಬಂದಷ್ಟೇ ಬೇಗ ಹೋಯಿತು. ಸಿಟ್ಟು ನೆತ್ತಿಗೇರಿತು. ಮನುಷ್ಯರಿಗೆ ಇಷ್ಟು ಬಡಿತ ಇರುತ್ತದೆಯೇ ಎಂದು ಕೇಳುವ ಒಂದು ಸಾಲು ಕೋಡ್ ಬರೆಯಲಾಗದವರು ಪುಟ ಕಟ್ಟಲು ಯಾಕೆ ಹೋದರು? ಅದೂ ಹಾಳಾಗಲಿ, ನನ್ನಣ್ಣನ ಎದೆಬಡಿತವನ್ನು ಅವನನ್ನೇ ಕೇಳದೆ ಸೂಪರ್‌ವೈಸರ್ ಕೈಗೆ ಕೊಡಲು ಇವರ್ಯಾರು?

ಹಲ್ಲು ಕಚ್ಚಿ ಕೂತಳು. ಸಂಜೆಯೊಳಗೆ ತಾನೇ ಒಂದು ಪುಟ ಕಟ್ಟಿದಳು. ಅದರಲ್ಲಿ ಹೆಸರಿಲ್ಲ, ಫೋನ್ ನಂಬರಿಲ್ಲ. ಹದಿನೈದು ಸೆಕೆಂಡನ್ನು ಪುಟವೇ ಎಣಿಸಿ ಗಂಟೆ ಬಾರಿಸುತ್ತದೆ.

"ನಿಂದೂ ಎಲ್ಲಿಗೋ ಕಳಿಸುತ್ತೆ ಬಿಡು," ಅಣ್ಣ ಮುಖ ತಿರುಗಿಸಿದ.

"ಪುಟ ತೆಗೆದಿದೀಯಲ್ಲ, ಈಗ ನೆಟ್ ಆಫ್ ಮಾಡು. ಮಾಡು ಅಂದ್ನಲ್ಲ!"

ಅವನು ಆಫ್ ಮಾಡಿ, ಮೊದಲಿನ ತೊಂಬತ್ತಾರನ್ನೇ ಒತ್ತಿದ. 'ಇಷ್ಟು ಬಡಿತ ಸಾಧ್ಯವಿಲ್ಲ. ಇನ್ನೊಮ್ಮೆ ಎಣಿಸಿ' ಎಂದಿತು ಪುಟ. ಮತ್ತೆ ಮೆಟ್ಟಿಲು ಹತ್ತಿಳಿದು, ಪುಟ ಗಂಟೆ ಬಾರಿಸುವವರೆಗೆ ಎಣಿಸಿದ. ಇಪ್ಪತ್ತನಾಲ್ಕು. 'ನಿಮಿಷಕ್ಕೆ 96. ಚೆನ್ನಾಗಿದೆ.'

"ನೆಟ್ ಇಲ್ದೆ ಹೇಗೆ ಲೆಕ್ಕ ಮಾಡ್ತು?"

"ಲೆಕ್ಕ ನಿನ್ನ ಫೋನ್ ಒಳಗೇ ಆಗೋದು. ಎಲ್ಲಿಗೂ ಕಳಿಸೋ ಸಾಲನ್ನೇ ನಾನು ಬರೆದಿಲ್ಲ. ಆದ್ರೆ ಇದೂ ಡಾಕ್ಟರ್ ಮಾತಲ್ಲ, ತಿಳೀತಾ?"

ಮರುದಿನ ಬೆಳಿಗ್ಗೆ ಅಣ್ಣ ಡಿಪೋದಲ್ಲಿ ಬೋರ್ಡಿನ ಮುಂದೆ ನಿಂತ. ಅವನ ಜೊತೆ ಹೆಸರು ಬಿದ್ದಿದ್ದ ಇನ್ನೂ ಹನ್ನೊಂದು ಜನ ಡ್ರೈವರುಗಳು ನಿಂತರು.

"ಸಾರ್, ನಿಮ್ಮ ಲಿಂಕಿನಲ್ಲಿ ನೀವೂ ಒಂದ್ಸಲ ಮಾಡಿ ತೋರಿಸಿ."

ಸೂಪರ್‌ವೈಸರ್ ಗೊಣಗುತ್ತಾ ಮೆಟ್ಟಿಲು ಹತ್ತಿಳಿದ. ಕೈಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದ. ಒತ್ತಿದ. ನಾಡಿ 412. ಅನ್‌ಫಿಟ್.

ಅಣ್ಣ ಸೀಮೆಸುಣ್ಣ ಎತ್ತಿ ಕೊಟ್ಟ. "ಹದಿಮೂರನೇ ಹೆಸರು ಬರೀರಿ ಸಾರ್. ಗೇಟ್ ಕಾಯೋಣ, ಎಲ್ಲರೂ ಒಟ್ಟಿಗೇ."

ಸೂಪರ್‌ವೈಸರ್ ಬೋರ್ಡನ್ನು ಅಲ್ಲೇ ಒರೆಸಿಬಿಟ್ಟ. ಅಣ್ಣ ಬಸ್ ಹತ್ತಿದ.

ನಿಮ್ಮ ಫೋನಿಗೂ ಇಂಥ ಲಿಂಕ್ ಬರುತ್ತದೆ. ಪುಟ ತೆರೆದ ಮೇಲೆ ನೆಟ್ ಆಫ್ ಮಾಡಿ ನೋಡಿ. ಲೆಕ್ಕ ನಿಂತುಹೋಯಿತೇ? ನಿಮ್ಮ ಅಂಕಿ ಬೇರೆಲ್ಲೋ ಹೋಗುತ್ತಿರಬಹುದು. ಹೆಸರು, ನಂಬರ್ ಕೇಳಿತೇ? ಯಾಕೆ ಬೇಕು, ಯಾರು ನೋಡುತ್ತಾರೆ ಎಂದು ಜೋರಾಗಿಯೇ ಕೇಳಿ. ಉತ್ತರ ಬರದಿದ್ದರೆ ಕೊಡಬೇಡಿ. ನಿಮ್ಮ ಎದೆಬಡಿತ ನಿಮ್ಮದು.