ಪಾದದಳತೆಯ ದಾರ

ಹಡಗು ಬರುವುದು ವರ್ಷಕ್ಕೆ ಒಂದೇ ಸಲ. ಆಗಸ್ಟ್‌ನಲ್ಲಿ ಮಂಜುಗಡ್ಡೆ ಬಿರಿದು ದಾರಿ ಬಿಟ್ಟರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೆ ಒಂಬತ್ತು ದಿನ ನಿಲ್ಲುತ್ತದೆ. ಅಷ್ಟರೊಳಗೆ ಹಿಟ್ಟು, ಬಟಾಣಿ, ಮೊಳೆ, ಕಾಫಿ ಇಳಿಸಿಕೊಂಡು, ಸೀಲ್ ಎಂಬ ಕಡಲಪ್ರಾಣಿಯ ಎಣ್ಣೆಯ ಪೀಪಾಯಿಗಳನ್ನು ಏರಿಸಿ, ವರ್ಷದ ಕಾಗದಗಳನ್ನೆಲ್ಲ ಓದಿ, ಉತ್ತರ ಬರೆದು ಮುಗಿಸಬೇಕು. ಬರೆಯಲು ಮರೆತದ್ದನ್ನು ಇನ್ನೊಂದು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿರಬೇಕು. ಲ್ಯಾಬ್ರಡಾರ್ ತೀರದ ಈ ಸಾರೋನ್ ಮಿಷನ್ ಮನೆಯಲ್ಲಿ ಹದಿಮೂರು ವರ್ಷ ನಾನು ಹೀಗೇ ಕಳೆದಿದ್ದೇನೆ.

ಬ್ರದರ್, ಸಿಸ್ಟರ್ ಎಂದು ಕರೆದುಕೊಂಡರೂ ನಾವು ಸಂಸಾರಿಗಳೇ; ನಮ್ಮ ಮಕ್ಕಳನ್ನು ಒಯ್ಯುವುದೂ ಅದೇ ಹಡಗು. ಆರು ತುಂಬಿದ ಮಗು ಜರ್ಮನಿಯ ಶಾಲೆಗೆ ಹೋಗಲೇಬೇಕೆಂಬುದು ನಮ್ಮ ಕ್ರೈಸ್ತ ಸಭೆಯ ಕಟ್ಟಳೆ. ಅದನ್ನು ಮಾಡಿದವರು ಯಾರೋ ಮಹಾತ್ಮರಿರಬೇಕು, ಹೆತ್ತವರಂತೂ ಅಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಮಗ ಲೇಬೆರೆಷ್ಟ್‌ನನ್ನು ದೋಣಿಗೆ ಹತ್ತಿಸುವಾಗ ನನ್ನ ಏಪ್ರನ್ ಹಿಡಿದಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನೇ. ಅತ್ತು ಅತ್ತು ಅವನಿಗೆ ಬಿಕ್ಕಳಿಕೆ ಹತ್ತಿತ್ತು.

“ಲೇಬಿ, ಕೇಳಿಲ್ಲಿ,” ಎಂದೆ. “ಪ್ರತಿ ವರ್ಷ ನಿನ್ನ ಪಾದದಷ್ಟುದ್ದ ದಾರ ಕಳಿಸು. ಹಿಮ್ಮಡಿ ಕಡೆ ಒಂದು ಗಂಟು, ಬೆರಳ ಕಡೆ ಎರಡು. ಅಮ್ಮ ಬೂಟು ಹೊಲಿದು ಕಳಿಸ್ತೀನಿ. ಬೂಟು ಬಂತು ಅಂದ್ರೆ ಅಮ್ಮ ಇದಾಳೆ ಅಂತ ತಿಳ್ಕೋ.”

ಆ ಶಾಲೆಯಲ್ಲಿ ಮಕ್ಕಳ ಕಾಗದಗಳನ್ನು ಗುರುಗಳು ತಿದ್ದಿ ಬರೆಸುತ್ತಾರೆ. ಎಲ್ಲ ತಾಯಂದಿರಿಗೂ ಅದೇ ನಾಲ್ಕು ಸಾಲು: ಕ್ಷೇಮವಾಗಿದ್ದೇನೆ, ಪ್ರಾರ್ಥಿಸುತ್ತೇನೆ. ದಾರವನ್ನು ಮಾತ್ರ ಯಾವ ಗುರುವೂ ತಿದ್ದಲಾರ. ಮೂರು ವರ್ಷ ಕಾಗದದ ಮಡಿಕೆಯೊಳಗೆ ದಾರ ಬಂತು. ಇಲ್ಲಿನ ಇನ್ಯೂಟ್ ಹೆಂಗಸು ಕೆತೂರಾ, ನನ್ನ ಗೆಳತಿ, ಸೀಲ್ ಚರ್ಮವನ್ನು ಹಲ್ಲಿನಲ್ಲಿ ಅಗಿದು ಮೆತ್ತಗೆ ಮಾಡಿ ನನ್ನ ಜೊತೆ ಕೂತು ಹೊಲಿಯುತ್ತಿದ್ದಳು. ಅವಳ ಮಗಳು ಟಬೀಥಾ ಹುಟ್ಟಿದ್ದು ಲೇಬಿ ಹುಟ್ಟಿದ ವಾರದಲ್ಲೇ. ದಾರವನ್ನು ಅವಳ ಪಾದದ ಪಕ್ಕ ಇಟ್ಟು ಯಾರದು ಉದ್ದ ಎಂದು ನೋಡಿ ನಗುವುದು ನಮ್ಮ ವರ್ಷದ ಹಬ್ಬ.

ಈ ವರ್ಷ ದಾರ ಬರಲಿಲ್ಲ.

ಸಾಮಾನು ಬಿಚ್ಚುವ ಕೆಲಸ ನನ್ನದೇ. ಇಲ್ಲಿ ನಾವು ಒಂದು ಚೂರು ದಾರವನ್ನೂ ಎಸೆಯುವುದಿಲ್ಲ. ಪೊಟ್ಟಣ, ಕಾಗದ ಯಾವುದರ ದಾರವಾದರೂ ಬಿಚ್ಚಿ, ಹಳೆಯದಕ್ಕೆ ಗಂಟು ಹಾಕಿ ಉಂಡೆಗೆ ಸುತ್ತಬೇಕು. ಉಂಡೆ ಎಲೆಕೋಸಿನ ಗಾತ್ರಕ್ಕೆ ಬೆಳೆದಿದೆ. ಹಿರಿಯ ಬ್ರದರ್ ಕ್ರಿಸ್ಟ್‌ಲೀಬ್ ಒಬ್ಬೊಬ್ಬರ ಹೆಸರು ಕೂಗಿ ಕಾಗದ ಹಂಚುತ್ತಿದ್ದರು. ನನ್ನ ಕೈ ತನ್ನಷ್ಟಕ್ಕೆ ಬಿಚ್ಚುತ್ತಿತ್ತು, ಸುತ್ತುತ್ತಿತ್ತು. ನನ್ನ ಹೆಸರು ಕೂಗಿದಾಗ ಕೈ ಚಾಚಿ ಇಸಿದುಕೊಂಡೆ. ಕಾಗದ ಬಿಡಿಸಿದೆ. ನಾಲ್ಕು ಸಾಲು. ಮಡಿಕೆಯಲ್ಲಿ ಏನೂ ಇಲ್ಲ. ಕೊಡವಿದೆ. ಬೆಳಕಿಗೆ ಹಿಡಿದೆ.

“ಹತ್ತು ವರ್ಷದ ಹುಡುಗ. ಮರೆತಿರ್ತಾನೆ ಬಿಡೆ,” ಎಂದರು ನನ್ನ ಗಂಡ ಟ್ರೌಗಾಟ್.

“ಅಮ್ಮನ್ನ ಮರೀತಾನಾ?”

“ದಾರ ಮರೆತಿರ್ತಾನೆ ಅಂದೆ.”

“ನನಗೆ ಎರಡೂ ಒಂದೇ.”

ಕಾಗದ ಬರೆದದ್ದು ಮಾರ್ಚ್‌ನಲ್ಲಿ. ಆಮೇಲೆ ಏನಾಯಿತೆಂದು ಯಾರಿಗೆ ಗೊತ್ತು? ಸಿಸ್ಟರ್ ಉಲ್ರೀಕಾಗೆ ಮಗಳ ಕಾಗದ ಹೀಗೇ ಬಂದಿತ್ತು, ಕ್ಷೇಮವಾಗಿದ್ದೇನೆ ಎಂದು. ಬರೆದ ಹನ್ನೆರಡನೇ ದಿನಕ್ಕೆ ಆ ಮಗು ತೀರಿಹೋಗಿತ್ತು. ಸುದ್ದಿ ಮುಟ್ಟಿದ್ದು ಮರುವರ್ಷದ ಹಡಗಿಗೆ. ಅಷ್ಟರಲ್ಲಿ ಉಲ್ರೀಕಾ ಮಗಳಿಗೆಂದು ಮೂರು ಫ್ರಾಕು ಹೊಲಿದು ಮುಗಿಸಿದ್ದಳು.

ನಾನು ಹುಚ್ಚಿಯಾದೆ. ಬಟಾಣಿಯನ್ನು ಜರಡಿ ಹಿಡಿದೆ. ಬಟ್ಟೆಯ ಥಾನುಗಳನ್ನು ಬಿಚ್ಚಿ ಹರಡಿದೆ. ಹಡಗಿಗೆ ಹೋಗಿ ಕ್ಯಾಪ್ಟನ್ನನ ಪೆಟ್ಟಿಗೆಯನ್ನೂ ತೆರೆಸಿದೆ.

“ಸಿಸ್ಟರ್ ಬೆನಿಗ್ನಾ, ದೇವರ ಮೇಲೆ ಭಾರ ಹಾಕಿ,” ಎಂದರು ಹಿರಿಯರು.

“ಹಾಕೇ ಇದೀನಿ ಬ್ರದರ್. ನೀವು ಆ ಮೂಟೆ ಮೇಲಿಂದ ಸ್ವಲ್ಪ ಏಳಿ, ಅದರಡಿ ನೋಡ್ಬೇಕು.”

ಪಾಪ, ಎದ್ದರು. ಅದರಡಿಯೂ ಇರಲಿಲ್ಲ.

ಆರನೇ ದಿನ ಕೆತೂರಾ ಬಂದು ನನ್ನ ಕೈಯಿಂದ ಜರಡಿ ಕಿತ್ತುಕೊಂಡಳು. “ಅಕ್ಕಾ, ಇನ್ನು ಮೂರೇ ದಿನ. ಬೂಟು ಹೊಲಿಯೋಣವೋ, ಬಟಾಣಿ ಎಣಿಸ್ತಾ ಕೂರ್ತೀಯೋ?”

“ಅಳತೆ ಎಲ್ಲಿದೆಯೇ?”

“ಟಬೀಥಾ ಕಾಲಿದೆಯಲ್ಲ.”

“ಅವನು ಸತ್ತೇ ಹೋಗಿದ್ರೆ?”

“ಸತ್ತಿದ್ರೆ ಬೂಟು ವಾಪಸ್ ಬರುತ್ತೆ. ಬದುಕಿದ್ದು ಬೂಟು ಹೋಗದಿದ್ರೆ? ನೀನು ಸತ್ತೆ ಅಂತ ಅಲ್ಲಿ ಒಬ್ಬನೇ ಅಳ್ತಾನೆ ಕಣಕ್ಕಾ.”

ಎದ್ದು ಹೋಗಿ ಚರ್ಮ ತಂದೆ. ಟಬೀಥಾಳನ್ನು ಚರ್ಮದ ಮೇಲೆ ನಿಲ್ಲಿಸಿ ಗುರುತು ಹಾಕಿ ಕತ್ತರಿಸಿದೆವು. ಕೆತೂರಾ ಅಗಿದು ಅಗಿದು ದವಡೆ ನೋಯಿಸಿಕೊಂಡಳು. ನನ್ನ ಹೊಲಿಗೆ ಎಂದೂ ಅಷ್ಟು ಸೊಟ್ಟಗಾಗಿರಲಿಲ್ಲ. ಕಣ್ಣೀರು ತುಂಬಿದ ಕಣ್ಣಿಗೆ ಸೂಜಿಯ ತುದಿಯೇ ಕಾಣುತ್ತಿರಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಬೂಟು ಪೆಟ್ಟಿಗೆ ಸೇರಿತು, ಹಡಗು ಹೊರಟಿತು.

ಮಧ್ಯಾಹ್ನ ಕೆತೂರಾಗೆ ಮೀನು ಒಣಹಾಕಲು ದಾರ ಬೇಕಾಯಿತು. ನಾನು ಉಂಡೆ ಹಿಡಿದುಕೊಂಡೆ, ಅವಳು ಎಳೆದಳು. ನಾಲ್ಕು ಮಾರು ಎಳೆದವಳು ನಿಂತುಬಿಟ್ಟಳು.

“ಅಕ್ಕಾ, ಇದೇನು?”

ನಾನೇ ಹಾಕಿದ ಜೋಡಣೆಯ ಗಂಟಿನ ಪಕ್ಕದಲ್ಲಿ ಸಣ್ಣದೊಂದು ಗಂಟು. ಅಲ್ಲಿಂದ ಒಂದು ಗೇಣು ದಾಟಿ ಇನ್ನೆರಡು ಗಂಟು, ಒತ್ತೊತ್ತಾಗಿ.

ಒಳಗಿಟ್ಟರೆ ಗುರುಗಳು ತೆಗೆದುಬಿಡುತ್ತಾರೆಂದು ಹೆದರಿಯೋ ಏನೋ, ನನ್ನ ಜಾಣಮರಿ ಈ ಸಲ ಅಳತೆಯ ದಾರದಿಂದ ಕಾಗದವನ್ನೇ ಕಟ್ಟಿದ್ದ. ಆ ದಾರ ಯಾರ ಕಣ್ಣಿಗೂ ಬೀಳದೆ ಸಮುದ್ರ ದಾಟಿ ಬಂದಿತ್ತು. ನಾನು ಬಿಚ್ಚಿ ಉಂಡೆಗೆ ಸುತ್ತಿದ್ದೆ. ಐದಾರು ದಿನ ಊರೆಲ್ಲ ಜಾಲಾಡಿದ್ದೆ, ನನ್ನ ಕೈಯೊಳಗಿನ ಉಂಡೆಯೊಂದನ್ನು ಬಿಟ್ಟು.

ಕೆತೂರಾ ದಾರವನ್ನು ಟಬೀಥಾಳ ಪಾದದ ಪಕ್ಕ ಹಿಡಿದಳು. ಅವಳ ಪಾದಕ್ಕಿಂತ ಎರಡು ಬೆರಳು ಉದ್ದವಿತ್ತು. “ಅಯ್ಯೋ ಇವನ ಕಾಲೇ! ದೋಣಿ ಇದ್ದ ಹಾಗಿದೆ!” ಎಂದು ನಕ್ಕಳು.

ನಾನು ಬಂಡೆಯ ತುದಿಗೆ ಓಡಿದೆ. ದ್ವೀಪಗಳಾಚೆ ಹಾಯಿ ಉಗುರಿನಷ್ಟು ಕಾಣುತ್ತಿತ್ತು. ಗಂಟಲು ಹರಿಯುವಂತೆ ಕೂಗಿದೆ. ಯಾರಿಗೆ ಕೇಳಿಸಬೇಕು? ಇನ್ನೆರಡು ತಿಂಗಳಿಗೆ ಲೇಬಿ ಆ ಬೂಟಿನೊಳಗೆ ಕಾಲು ತುರುಕಲು ನೋಡುತ್ತಾನೆ, ಹೋಗುವುದಿಲ್ಲ. ತಾನು ಅಷ್ಟು ಉಪಾಯ ಮಾಡಿ ಕಳಿಸಿದ ದಾರವನ್ನು ಅಮ್ಮ ನೋಡಲೇ ಇಲ್ಲವೆಂದುಕೊಳ್ಳುತ್ತಾನೆ. ಇಲ್ಲ ಕಂದಾ ಎಂದು ನಾನು ಬರೆದರೆ ಅದು ಅವನ ಕೈಸೇರುವುದು ಮುಂದಿನ ವರ್ಷ, ಅವನಿಗೆ ಹನ್ನೊಂದು ತುಂಬಿದ ಮೇಲೆ.

ಹಿಂದಿರುಗಿ ಬಂದಾಗ ಕೆತೂರಾ ಮೀನು ಬಿಟ್ಟು ಹೊಸ ಚರ್ಮ ಹರಡಿ ಕೂತಿದ್ದಳು. ದಾರವನ್ನು ಅದರ ಮೇಲೆ ನೇರವಾಗಿ ಎಳೆದಿಟ್ಟಿದ್ದಳು.

“ಮುಂದಿನ ಹಡಗಿಗೆ ಇದೂ ಅವನಿಗೆ ಚಿಕ್ಕದಾಗುತ್ತೆ ಕಣೆ,” ಎಂದೆ.

“ಆಗ್ಲಿ,” ಎಂದಳು. “ಕೂತ್ಕೋ. ಈ ತುದಿ ಹಿಡಿ.”

ಕೂತೆ. ಹಿಡಿದೆ.